ಕೊಳಗದಿಂದ ಪಹಣಿಯವರೆಗೆ: ಸಮಾನತೆ ಎಂಬ ಮಾತಿಗೆ ಮಲೆನಾಡಿನಲ್ಲಿ ಅರ್ಥ ಬದಲಾದ ಬಗೆ

ಮನೆಯ ಯಜಮಾನ ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆಗೆ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ಅರ್ಜಿ ಹಾಕಬೇಕು. ಅದಕ್ಕೆ ಮರಣ ಪ್ರಮಾಣಪತ್ರದ ಜೊತೆಗೆ ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ತೀರಿಕೊಂಡವರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರ ಹೆಸರೂ ಬರಬೇಕು. ತಕರಾರು ಹುಟ್ಟುವುದು ಅಲ್ಲೇ. "ಅವಳಿಗೆ ಮದುವೆಯಲ್ಲೇ ಕೊಟ್ಟಾಗಿದೆ, ಹೆಸರು ಯಾಕೆ?" ಎಂದು ಅಣ್ಣ ಕೇಳುತ್ತಾನೆ. "ನಾನೂ ಅದೇ ಅಪ್ಪನ ಮಗಳಲ್ವ?" ಎಂದು ತಂಗಿ ಕೇಳುತ್ತಾಳೆ.

ಇಬ್ಬರೂ ನ್ಯಾಯದ ಮಾತನ್ನೇ ಆಡುತ್ತಿದ್ದಾರೆ. ಆದರೆ ಅಣ್ಣನ ಮನಸ್ಸಿನಲ್ಲಿರುವುದು ಕೊಟ್ಟಿದ್ದಕ್ಕೂ ಪಡೆದಿದ್ದಕ್ಕೂ ತಾಳೆಯಾಗಬೇಕೆಂಬ ಸಮಾನತೆ. ತಂಗಿಯ ಮನಸ್ಸಿನಲ್ಲಿರುವುದು ಹುಟ್ಟಿನಿಂದಲೇ ಬರುವ ಸಮಾನತೆ. ಮೀಸಲಾತಿ, ಬಗರ್‌ಹುಕುಂ (ಸರ್ಕಾರಿ ಜಮೀನಿನಲ್ಲಿ ಅನುಮತಿಯಿಲ್ಲದೆ ಮಾಡಿದ ಸಾಗುವಳಿ), ಅರಣ್ಯ ಹಕ್ಕು, ಅಂತರ್ಜಾತಿ ಮದುವೆ, ಹೀಗೆ ಶಿವಮೊಗ್ಗ ಜಿಲ್ಲೆಯ ಕಟ್ಟೆಗಳ ಮೇಲೆ ನಡೆಯುವ ಹೆಚ್ಚಿನ ಜಗಳಗಳ ಒಳಗೂ ಇಂಥದೇ ಗಂಟು ಇದೆ. ಅದನ್ನು ಬಿಡಿಸಬೇಕಾದರೆ 'ಉದಾರವಾದ', 'ಸಮಾನತೆ' ಎಂಬ ಎರಡು ಪದಗಳ ಹೊಟ್ಟೆಯಲ್ಲಿ ಏನಿದೆ ಎಂದು ಮೊದಲು ನೋಡಬೇಕು.

ಉದಾರವಾದ: ಯಾವುದು, ಯಾವುದಲ್ಲ

ಕನ್ನಡದಲ್ಲಿ ಈ ಪದ ಕೇಳಿದ ಕೂಡಲೇ ಎರಡು ಬೇರೆ ವಿಷಯಗಳು ನೆನಪಾಗುತ್ತವೆ. ಒಂದು, ಉದಾರ ಮನಸ್ಸು, ಅಂದರೆ ಕೈಬಿಚ್ಚಿ ಕೊಡುವ ಗುಣ. ಇನ್ನೊಂದು, 1991ರ ನಂತರ ಪರವಾನಗಿಗಳನ್ನು ಸಡಿಲಿಸಿದ ಆರ್ಥಿಕ ಉದಾರೀಕರಣ. ರಾಜಕೀಯ ಉದಾರವಾದ ಇವೆರಡೂ ಅಲ್ಲ. ಹದಿನೇಳನೇ ಶತಮಾನದ ಇಂಗ್ಲೆಂಡಿನ ಜಾನ್ ಲಾಕ್, ಹತ್ತೊಂಬತ್ತನೇ ಶತಮಾನದ ಜಾನ್ ಸ್ಟುವರ್ಟ್ ಮಿಲ್ ಮುಂತಾದವರು ಬೆಳೆಸಿದ ವಿಚಾರ ಅದು. ಅದರ ತಿರುಳು ಇಷ್ಟು: ಲೆಕ್ಕಕ್ಕೆ ಬರುವ ಮೊದಲ ಘಟಕ ಜಾತಿಯೂ ಅಲ್ಲ, ಮನೆತನವೂ ಅಲ್ಲ, ಒಬ್ಬೊಬ್ಬ ವ್ಯಕ್ತಿ. ಆಳುವವರ ಅಧಿಕಾರಕ್ಕೆ ಆಳಿಸಿಕೊಳ್ಳುವವರ ಒಪ್ಪಿಗೆ ಬೇಕು. ಆ ಅಧಿಕಾರಕ್ಕೆ ಒಂದು ಬೇಲಿಯೂ ಬೇಕು. ಇನ್ನೊಬ್ಬರಿಗೆ ಹಾನಿ ಆಗದಿರುವ ತನಕ ಯಾರ ನಂಬಿಕೆ, ಮಾತು, ಬದುಕಿನ ರೀತಿಗೂ ಬಲವಂತದ ತಡೆ ಸಲ್ಲದು.

ಬೇಲಿಯ ಹೋಲಿಕೆಯನ್ನೇ ಸ್ವಲ್ಪ ಮುಂದುವರಿಸಬಹುದು. ತೋಟದ ಅಗಳ ದನ ಒಳಗೆ ಬಾರದಂತೆ ತಡೆಯುತ್ತದೆ, ತೋಟದೊಳಗೆ ಅಡಿಕೆ ನೆಡಬೇಕೋ ಕಾಳುಮೆಣಸು ಹಬ್ಬಿಸಬೇಕೋ ಎಂದು ಹೇಳುವುದಿಲ್ಲ. ಮೂಲಭೂತ ಹಕ್ಕುಗಳ ಕೆಲಸವೂ ಅಂಥದೇ. ಸಂವಿಧಾನದ 14ನೇ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುತ್ತದೆ. 15ನೇ ವಿಧಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಆಧಾರದ ಮೇಲೆ ಸರ್ಕಾರ ಭೇದ ಮಾಡಬಾರದು ಎನ್ನುತ್ತದೆ. 17 ಅಸ್ಪೃಶ್ಯತೆಯನ್ನು ನಿಷೇಧಿಸುತ್ತದೆ. 19 ಮಾತಿನ ಸ್ವಾತಂತ್ರ್ಯ, 21 ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ, 25 ನಂಬಿಕೆಯ ಸ್ವಾತಂತ್ರ್ಯ.

ಸಮಾನತೆಯ ಮಾತು ಈ ನೆಲಕ್ಕೆ ಹೊಸದಲ್ಲ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ. ಹನ್ನೆರಡನೇ ಶತಮಾನದ ಶರಣರು ಹುಟ್ಟಿನ ಮೇಲು ಕೀಳನ್ನು ನೇರವಾಗಿ ಪ್ರಶ್ನಿಸಿದರು. ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ಅದು ದೇವರ ಮುಂದಿನ, ಕಾಯಕದ ಮೇಲೆ ನಿಂತ ಸಮಾನತೆ. ನ್ಯಾಯಾಲಯದಲ್ಲಿ ಕೇಳಿ ಪಡೆಯಬಹುದಾದ ಹಕ್ಕಿನ ರೂಪ ಅದಕ್ಕೆ ಬಂದದ್ದು ಬಹಳ ತಡವಾಗಿ.

ಅಳತೆಯ ಸಮಾನತೆ: ಕಾಗೋಡಿನ ಕೊಳಗ

ಸಮಾನತೆಯಲ್ಲಿ ಅತಿ ಸರಳವಾದದ್ದು ಎಲ್ಲರಿಗೂ ಒಂದೇ ಅಳತೆ ಎಂಬುದು. ಇದಕ್ಕೆ ಸಾಗರ ತಾಲ್ಲೂಕಿನ ಕಾಗೋಡಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಭತ್ತದ ಗದ್ದೆ ಒಡೆಯರದು, ಉಳುಮೆ ಗೇಣಿದಾರರದು. ಗೇಣಿ ಭತ್ತ ಅಳೆಯುವುದಕ್ಕೆ ಒಡೆಯರ ಮನೆಯಲ್ಲಿದ್ದ ಕೊಳಗ ಉಳಿದ ಕಡೆ ನಡೆಯುತ್ತಿದ್ದ ಕೊಳಗಕ್ಕಿಂತ ದೊಡ್ಡದು ಎಂಬುದು ರೈತರ ತಕರಾರು.

ಕೊಳಗ ಒಂದಿಷ್ಟು ದೊಡ್ಡದಾದರೆ ಏನು ಮಹಾ ಎನಿಸಬಹುದು. ಲೆಕ್ಕ ಹಾಕಿ ನೋಡೋಣ. ಒಂದು ಸೇರಿಗೆ ನಾಲ್ಕು ಪಾವು. ಮೂರು ಸೇರಿನ ಕೊಳಗ ಅಂದರೆ 12 ಪಾವು. ಅದರ ಬಾಯಿ ಅಗಲವಾಗಿ ಒಂದೇ ಒಂದು ಪಾವು ಹೆಚ್ಚು ಹಿಡಿಯಿತು ಎಂದಿಟ್ಟುಕೊಳ್ಳಿ. 120 ಕೊಳಗ ಗೇಣಿ ಅಳೆಯುವಾಗ 120 ಪಾವು, ಅಂದರೆ 30 ಸೇರು, ಅಂದರೆ ಸರಿಯಾದ ಅಳತೆಯ 10 ಕೊಳಗ ಭತ್ತ ಲೆಕ್ಕಕ್ಕೇ ಸಿಗದೆ ಹೋಗುತ್ತದೆ. ಕರಾರಿನಲ್ಲಿ ಬರೆದದ್ದು 120, ಕಣದಿಂದ ಹೋದದ್ದು 130. ಮಳೆಗಾಲದಲ್ಲಿ ಒಂದು ಮನೆಯ ಒಲೆ ಎಷ್ಟೋ ದಿನ ಉರಿಯುವಷ್ಟು ಭತ್ತ ಅದು.

1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ಎಚ್. ಗಣಪತಿಯಪ್ಪನವರು ಕಟ್ಟಿದ್ದ ರೈತ ಸಂಘ, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಗೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಕೇಳಿದ್ದು ಅಳತೆಯ ನ್ಯಾಯ ಮಾತ್ರವಲ್ಲ. ಬಿಟ್ಟಿ ಚಾಕರಿ, ಒಡೆಯರ ಮುಂದೆ ನಿಲ್ಲಬೇಕಾದ ರೀತಿ, ಉಡುವ ಬಟ್ಟೆ ಎಲ್ಲವೂ ಮಾತಿಗೆ ಬಂದವು. ಇದು ಸಮಾನತೆಯ ಎರಡನೇ ಬಗೆ, ಮರ್ಯಾದೆಯ ಸಮಾನತೆ. ಕೊಳಗ ಸರಿಮಾಡಿ ಜಗಲಿಯ ಕೆಳಗೇ ನಿಲ್ಲಿಸಿದರೆ ಇದು ಬರುವುದಿಲ್ಲ.

ಸ್ವಾತಂತ್ರ್ಯವೂ ಸಮಾನತೆಯೂ ಎದುರುಬದುರಾದ ವರ್ಷ

ಅದೇ 1951ರ ಜೂನ್ 18ಕ್ಕೆ ಸಂವಿಧಾನದ ಮೊದಲ ತಿದ್ದುಪಡಿ ಜಾರಿಗೆ ಬಂತು. ಕಾಗೋಡು ಶುರುವಾಗಿ ಸರಿಯಾಗಿ ಎರಡು ತಿಂಗಳಿಗೆ. ಒಂದಕ್ಕೊಂದು ಸಂಬಂಧ ಇರಲಿಲ್ಲ, ಆದರೆ ಎರಡೂ ತಟ್ಟಿದ ಬಾಗಿಲು ಒಂದೇ. ಆಸ್ತಿ ಆಗ ಮೂಲಭೂತ ಹಕ್ಕು. ಭೂಸುಧಾರಣೆ ಕಾನೂನುಗಳನ್ನು ಆ ಹಕ್ಕಿನ ಹೆಸರಿನಲ್ಲಿ ನ್ಯಾಯಾಲಯದಲ್ಲಿ ಪ್ರಶ್ನಿಸಲಾಗುತ್ತಿತ್ತು. ತಿದ್ದುಪಡಿ ಆ ಕಾನೂನುಗಳಿಗೆ 31ಎ, 31ಬಿ ವಿಧಿಗಳ ಮತ್ತು ಒಂಬತ್ತನೇ ಅನುಸೂಚಿಯ ರಕ್ಷಣೆ ಕೊಟ್ಟಿತು. ಹಿಂದುಳಿದವರಿಗೆ ವಿಶೇಷ ಅವಕಾಶ ಕೊಡಬಹುದು ಎನ್ನುವ 15(4) ಸೇರಿತು. ಮಾತಿನ ಸ್ವಾತಂತ್ರ್ಯಕ್ಕೆ ಹಾಕಬಹುದಾದ ನಿರ್ಬಂಧಗಳೂ ಇದೇ ತಿದ್ದುಪಡಿಯಲ್ಲಿ ಹೆಚ್ಚಿದವು. ಸಮಾನತೆ ಹಿಗ್ಗಿತು, ಸ್ವಾತಂತ್ರ್ಯ ಒಂದಿಷ್ಟು ಕುಗ್ಗಿತು. ಉದಾರವಾದದ ಒಳಗಿನ ಹಳೆಯ ಎಳೆದಾಟ ಇದೇ. ಒಬ್ಬನ ಆಸ್ತಿಯ ಹಕ್ಕು ಇನ್ನೊಬ್ಬನ ಬದುಕಿನ ಅವಕಾಶಕ್ಕೆ ಅಡ್ಡ ನಿಂತರೆ ಬೇಲಿ ಯಾರ ಪರ?

ಕರ್ನಾಟಕ ಉತ್ತರ ಕೊಟ್ಟದ್ದು ದೇವರಾಜ ಅರಸರ ಕಾಲದಲ್ಲಿ. 1961ರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯಲ್ಲಿದ್ದ ಜಮೀನು ಆ ದಿನದಿಂದ ಸರ್ಕಾರದ ವಶ. ಉಳುತ್ತಿದ್ದವರು ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕು, ಮಂಡಳಿ ವಿಚಾರಣೆ ಮಾಡಿ ಒಪ್ಪಿದರೆ ಫಾರಂ 10ರಲ್ಲಿ ಅಧಿಭೋಗದಾರಿಕೆಯ, ಅಂದರೆ ಜಮೀನು ಇನ್ನು ಉಳುವವರದೇ ಎನ್ನುವ, ಪ್ರಮಾಣಪತ್ರ. ಅರ್ಜಿಯ ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು. ಆಸ್ತಿಯನ್ನು ಮೂಲಭೂತ ಹಕ್ಕಿನ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಇಳಿಸಿದ 44ನೇ ತಿದ್ದುಪಡಿ ಜಾರಿಯಾದದ್ದೂ ಅದೇ ತಿಂಗಳಲ್ಲಿ.

ಗೇಣಿಗೆ ಚೀಟಿ ಇಲ್ಲದವರು, ಬಾಯಿಮಾತಿನಲ್ಲೇ ಉಳುತ್ತಿದ್ದವರು, ಒಡೆಯರ ದಾಕ್ಷಿಣ್ಯಕ್ಕೆ ಬಿದ್ದು ಅರ್ಜಿಯನ್ನೇ ಹಾಕದವರು ತಪ್ಪಿಹೋದರು. ಉಳುಮೆ ಮಾಡದೆ ಬರೀ ಕೂಲಿಗೆ ಹೋಗುತ್ತಿದ್ದವರಿಗೆ ಈ ಕಾಯ್ದೆ ಏನನ್ನೂ ಕೊಡಲಿಲ್ಲ. 'ಉಳುವವನೇ ಹೊಲದೊಡೆಯ' ಎನ್ನುವ ಘೋಷಣೆಯಲ್ಲೇ ಆ ಗಡಿ ಇದೆ. ನಾಟಿ ಮಾಡಿದ ಹೆಂಗಸರ ಕೈ ಗದ್ದೆಯಲ್ಲಿತ್ತು, ಹೆಸರು ಫಾರಂನಲ್ಲಿ ಇರಲಿಲ್ಲ. ಸಾಮಾನ್ಯವಾಗಿ ಅರ್ಜಿ ಹಾಕಿದ್ದು ಮನೆಯ ಹಿರಿಯ ಗಂಡಸು.

ಮಗಳ ಪಾಲು: ನಾಲ್ಕೂವರೆ ಎಕರೆಯ ಲೆಕ್ಕ

ಒಂದು ಮನೆಯಲ್ಲಿ ಪಿತ್ರಾರ್ಜಿತ ಜಮೀನು 4 ಎಕರೆ 20 ಗುಂಟೆ. (ಎಕರೆಗೆ 40 ಗುಂಟೆ.) ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದಾರೆ. ತಾಯಿ ಮೊದಲೇ ಇಲ್ಲ. ಇಬ್ಬರು ಗಂಡುಮಕ್ಕಳು, ಮದುವೆಯಾದ ಒಬ್ಬಳು ಮಗಳು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಹಳೆಯ ನಿಯಮದಲ್ಲಿ ತಂದೆ ಸತ್ತ ಗಳಿಗೆಯಲ್ಲೇ ಪಾಲಾಯಿತು ಎಂದು ಭಾವಿಸಿ ಲೆಕ್ಕ ಹಾಕುತ್ತಿದ್ದರು. ಕೂಡು ಆಸ್ತಿಯ ಪಾಲುದಾರರು ತಂದೆ ಮತ್ತು ಇಬ್ಬರು ಗಂಡುಮಕ್ಕಳು. ತಲಾ ಒಂದೂವರೆ ಎಕರೆ. ಮಗಳಿಗೆ ಅಲ್ಲಿ ಜಾಗವಿಲ್ಲ. ಆಮೇಲೆ ತಂದೆಯ ಒಂದೂವರೆ ಎಕರೆ ಮೂವರು ಮಕ್ಕಳಿಗೆ ಹಂಚಿಕೆ, ತಲಾ 20 ಗುಂಟೆ. ಕೊನೆಗೆ ಗಂಡುಮಕ್ಕಳಿಗೆ ಎರಡೆರಡು ಎಕರೆ, ಮಗಳಿಗೆ 20 ಗುಂಟೆ. ಒಬ್ಬೊಬ್ಬ ಅಣ್ಣನ ಪಾಲಿನ ಕಾಲು ಭಾಗ.

ಈಗಿನ ನಿಯಮದಲ್ಲಿ ಮಗಳೂ ಹುಟ್ಟಿನಿಂದ ಪಾಲುದಾರಳು. ಮೂವರಿಗೂ ತಲಾ 1 ಎಕರೆ 20 ಗುಂಟೆ.

ಈ ಬದಲಾವಣೆ ಒಂದೇ ಸಲ ಆದದ್ದಲ್ಲ. ಕರ್ನಾಟಕ ತನ್ನದೇ ತಿದ್ದುಪಡಿಯನ್ನು 1994ರ ಜುಲೈ 30ರಿಂದ ಜಾರಿಗೆ ತಂದಿತು, ಆದರೆ ಅದಕ್ಕೂ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ಒಂದೇ ಮನೆಯ ಅಕ್ಕನಿಗೆ ಇಲ್ಲ, ತಂಗಿಗೆ ಇದೆ! 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯ ಆ ಗೆರೆಯನ್ನು ಅಳಿಸಿತು. ಆ ದಿನ ತಂದೆ ಬದುಕಿರಬೇಕೇ ಎಂಬ ಗೊಂದಲ ಮತ್ತೆ ಹದಿನೈದು ವರ್ಷ ಎಳೆಯಿತು. ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ 'ಬದುಕಿರಬೇಕಿಲ್ಲ' ಎಂದು ತೀರ್ಮಾನಿಸಿತು.

ಊರಿನಲ್ಲಿ ಜನ ಎಡವುವುದು ಹೆಚ್ಚಾಗಿ ಈ ಕೆಲವು ಕಡೆ. 'ಬಾಯಿಮಾತಿನಲ್ಲಿ ಹಿಂದೆಯೇ ಹಿಸ್ಸೆ ಆಗಿದೆ' ಎಂಬ ವಾದ ಸುಲಭವಾಗಿ ನಿಲ್ಲುವುದಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆದ ಪಾಲಿಗೆ ರಕ್ಷಣೆ ಇದೆ. ಮದುವೆಯ ಖರ್ಚನ್ನು ಪಾಲಿನಲ್ಲಿ ಮುರಿದುಕೊಳ್ಳಿ ಎಂದು ಉತ್ತರಾಧಿಕಾರ ಕಾಯ್ದೆ ಎಲ್ಲೂ ಹೇಳುವುದಿಲ್ಲ, ವರದಕ್ಷಿಣೆಯಂತೂ 1961ರಿಂದಲೇ ಅಪರಾಧ. ತಂಗಿ ಮನಸ್ಸಾರೆ ಬಿಟ್ಟುಕೊಡುವುದಾದರೂ ಜಮೀನಿನ ಹಕ್ಕು ಬಿಡುಗಡೆ ಪತ್ರ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗಬೇಕು, ಖಾಲಿ ಹಾಳೆಯ ಮೇಲಿನ ಸಹಿ ಅದಲ್ಲ. ಪಹಣಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ, ಪಹಣಿ ಕಂದಾಯದ ದಾಖಲೆ. ಇನ್ನೊಂದು ಹಲವರಿಗೆ ಗೊತ್ತೇ ಇಲ್ಲ: ತಂದೆಯ ಸ್ವಯಾರ್ಜಿತ ಆಸ್ತಿಗೆ ಉಯಿಲು ಇಲ್ಲದಿದ್ದರೆ ಮಗನಿಗೂ ಮಗಳಿಗೂ ಸಮಪಾಲು ಎಂಬುದು 1956ರಿಂದಲೇ ಇದೆ. (ಇದೆಲ್ಲ ಹಿಂದೂ ಉತ್ತರಾಧಿಕಾರದ ಮಾತು. ಮುಸ್ಲಿಂ, ಕ್ರೈಸ್ತ ಮನೆಗಳಿಗೆ ಬೇರೆ ಕಾನೂನು.)

ಫಾರಂ 10ರಿಂದ ಬಂದ ಜಮೀನಿನಲ್ಲಿ ಇನ್ನೊಂದು ತಿರುವು. ಪ್ರಮಾಣಪತ್ರ ದೊಡ್ಡಣ್ಣನ ಹೆಸರಿನಲ್ಲಿರುತ್ತದೆ. ತಮ್ಮಂದಿರು ಪಾಲು ಕೇಳಿದಾಗ ಅವರ ವಾದ 'ಗೇಣಿ ಮಾಡುತ್ತಿದ್ದದ್ದು ಕೂಡು ಕುಟುಂಬ, ಅಣ್ಣ ಅರ್ಜಿ ಹಾಕಿದ್ದು ಎಲ್ಲರ ಪರವಾಗಿ' ಎಂಬುದು. ಗೇಣಿ ನಿಜಕ್ಕೂ ಕುಟುಂಬದ್ದು ಎಂದು ರುಜುವಾದರೆ ನ್ಯಾಯಾಲಯಗಳು ಇದನ್ನು ಒಪ್ಪುತ್ತವೆ. ಅದೇ ವಾದವನ್ನು ಅಕ್ಕತಂಗಿಯರೂ ಎತ್ತಿದಾಗ ಮನೆಯ ದನಿ ಬದಲಾಗುತ್ತದೆ. ಅಜ್ಜನ ಕಾಲದಲ್ಲಿ ಒಡೆಯರ ಮುಂದೆ ಸಮಾನತೆ ಕೇಳಿದ ಮನೆ, ಮೊಮ್ಮಗಳ ಕಾಲಕ್ಕೆ ಅದೇ ಸಮಾನತೆಯನ್ನು ಕೊಡಬೇಕಾದ ಜಾಗದಲ್ಲಿ ನಿಂತಿರುತ್ತದೆ. ಬೇಡುವಾಗ ಹಿಡಿದ ಕೊಳಗದಲ್ಲೇ ಕೊಡುವಾಗಲೂ ಅಳೆಯುವುದು ಎಷ್ಟು ಕಷ್ಟ ಎಂಬುದೇ ಸಾರ್ವಜನಿಕ ಅಭಿಪ್ರಾಯದ ಏರಿಳಿತಕ್ಕೆ ಬಹು ದೊಡ್ಡ ಕಾರಣ.

ಒಂದೇ ನಿಯಮ, ಬೇರೆ ಬೇರೆ ಫಲ

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಿಗೆ 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡನ್ನು ನೆಚ್ಚಿ ಅಲ್ಲಿ ವಾಸವಿದ್ದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳಿಗೆ ಅದೇ ದಿನಕ್ಕೆ ಹಿಂದಿನ ಮೂರು ತಲೆಮಾರಿನ ವಾಸ ಬೇಕು. ಕಾಯ್ದೆಯ ಪ್ರಕಾರ ತಲೆಮಾರಿಗೆ 25 ವರ್ಷ, ಒಟ್ಟು 75. ಅಂದರೆ 1930ರಷ್ಟು ಹಿಂದಕ್ಕೆ ಹೋಗಬೇಕು. ಅರ್ಜಿ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ಹಳೆಯ ದಾಖಲೆ, ಬಾವಿ, ಗೋರಿಗಳಂಥ ಗುರುತು, ಹಿರಿಯರ ಲಿಖಿತ ಹೇಳಿಕೆ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು.

ಈಗ ಶರಾವತಿ ಮುಳುಗಡೆಯವರನ್ನು ಈ ಅಳತೆಗೆ ನಿಲ್ಲಿಸಿ ನೋಡಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಈಗಿರುವ ಜಾಗದಲ್ಲಿ ಅವರ ವಾಸ ಸುಮಾರು ಆಗಿನಿಂದ ಈಚಿನದು. ಅದಕ್ಕೂ ಹಿಂದಿನ ಬಾವಿ, ಮನೆಯ ಅಡಿಪಾಯ, ಅಜ್ಜಿ ನೆಟ್ಟ ಹಲಸು ಎಲ್ಲವೂ ಹಿನ್ನೀರಿನ ಅಡಿ. ಕಾಗದದ ಮೇಲೆ ನಿಯಮ ಎಲ್ಲ ಇತರ ಅರಣ್ಯವಾಸಿಗಳಿಗೂ ಒಂದೇ. ನಾಡಿಗೆ ಕರೆಂಟು ಕೊಡಲು ಊರು ಬಿಟ್ಟವರಿಗೆ ಮಾತ್ರ ಸಾಕ್ಷ್ಯವೇ ನೀರಿನೊಳಗಿದೆ. ಇದನ್ನು ವಿವರಿಸುವಾಗ ಬಳಸುವ ಪದ ಜೋಡಿ ಔಪಚಾರಿಕ ಸಮಾನತೆ ಮತ್ತು ವಾಸ್ತವಿಕ ಸಮಾನತೆ. ಮೊದಲನೆಯದು ನಿಯಮ ಒಂದೇ ಇದೆಯೇ ಎಂದು ನೋಡುತ್ತದೆ. ಎರಡನೆಯದು ಆ ನಿಯಮ ಮುಟ್ಟುವ ಸ್ಥಿತಿಯಲ್ಲಿ ಎಲ್ಲರೂ ಇದ್ದಾರೆಯೇ ಎಂದು ನೋಡುತ್ತದೆ. ಶರಾವತಿ ಸಂತ್ರಸ್ತರ ಮಟ್ಟಿಗೆ ಮೊದಲನೆಯದೊಂದೇ ಸಾಕು ಎನ್ನುವುದು ನನಗೆ ಒಪ್ಪಿಗೆಯಾಗದ ಮಾತು.

ಮೀಸಲಾತಿಯ ವಾದವೂ ಇದೇ ಜೋಡಿಯ ಸುತ್ತ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರ ಪಾಲಿನ ಬಗ್ಗೆ ಮೈಸೂರು ಸಂಸ್ಥಾನ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ ದಿವಾನ ವಿಶ್ವೇಶ್ವರಯ್ಯನವರ ಆತಂಕ ಅರ್ಹತೆಯದು; ಅವರು ಹುದ್ದೆ ಬಿಟ್ಟದ್ದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣ. ಮೈಸೂರು ರಾಜ್ಯದ ಬಾಲಾಜಿ ಪ್ರಕರಣದಲ್ಲಿ ಶೇ 68ರ ಮೀಸಲು ಬಿದ್ದುಹೋಯಿತು, ಸ್ಥೂಲವಾಗಿ ಶೇ 50ರೊಳಗೆ ಇರಬೇಕೆಂಬ ಮಾತು ಬಂತು. 2019ರಲ್ಲಿ ಬೇರೆ ಮೀಸಲಾತಿಯ ವ್ಯಾಪ್ತಿಯಲ್ಲಿ ಇಲ್ಲದ ಆರ್ಥಿಕ ದುರ್ಬಲರಿಗೆ ಶೇ 10 ಮೀಸಲಾತಿ ಬಂತು, 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 3-2ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಅಲ್ಲಿಂದೀಚೆಗೆ ಕಟ್ಟೆಯ ಮೇಲಿನ ಪ್ರಶ್ನೆಯೂ ಬದಲಾಗಿದೆ. ಮೊದಲು 'ಮೀಸಲಾತಿ ಬೇಕೇ' ಎನ್ನುತ್ತಿದ್ದವರು ಈಗ 'ಯಾವ ಅಳತೆಯಲ್ಲಿ, ಯಾರಿಗೆ' ಎನ್ನುತ್ತಾರೆ.

ಜನರ ಮನಸ್ಸನ್ನು ಅಳೆಯುವುದು ಹೇಗೆ

'ಜನ ಸಂಪ್ರದಾಯದ ಕಡೆ ವಾಲುತ್ತಿದ್ದಾರೆ', 'ಇಲ್ಲ, ಉದಾರಿಗಳಾಗುತ್ತಿದ್ದಾರೆ' ಎಂಬ ಎರಡೂ ಮಾತು ಕೇಳಿಬರುತ್ತವೆ. ಯಾವ ಪ್ರಶ್ನೆ ಕೇಳಿದ್ದರು ಎಂದು ನೋಡದೆ ಎರಡನ್ನೂ ನಂಬಬಾರದು.

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರ ಕೊನೆಯಿಂದ 2020ರ ಆರಂಭದವರೆಗೆ ಭಾರತದ ಸುಮಾರು 30,000 ವಯಸ್ಕರನ್ನು ಮಾತಾಡಿಸಿತು. ಎಲ್ಲ ಧರ್ಮಗಳನ್ನು ಗೌರವಿಸುವುದು ನಿಜವಾದ ಭಾರತೀಯರಾಗಿರಲು ಬಹಳ ಮುಖ್ಯ ಎಂದವರು ಶೇ 84. ಹಿಂದೂಗಳಲ್ಲಿ ಶೇ 67 ಮಂದಿ, ತಮ್ಮ ಹೆಣ್ಣುಮಕ್ಕಳು ಬೇರೆ ಧರ್ಮದವರನ್ನು ಮದುವೆಯಾಗುವುದನ್ನು ತಡೆಯುವುದು ಬಹಳ ಮುಖ್ಯ ಎಂದರು. ಮಗ ಮಗಳಿಗೆ ಆಸ್ತಿಯಲ್ಲಿ ಸಮಾನ ಹಕ್ಕಿರಬೇಕು ಎಂದವರು ಶೇ 64. ಕೆಲಸ ಕಡಿಮೆ ಇದ್ದಾಗ ಗಂಡಸರಿಗೇ ಹೆಚ್ಚು ಹಕ್ಕು ಎಂಬುದನ್ನು ಒಪ್ಪಿದವರು ಶೇ 80.

ಇದರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ತತ್ವ ಕೇಳಿದಾಗ ಒಂದು ಉತ್ತರ, ತನ್ನ ಮನೆಯ ಬಾಗಿಲಿಗೆ ಬಂದ ಸಂದರ್ಭ ಕೇಳಿದಾಗ ಇನ್ನೊಂದು ಉತ್ತರ. ಇತರರ ಬದುಕನ್ನು ಗೌರವಿಸುವುದು, ನಮ್ಮ ಗುಂಪಿನ ಗೆರೆ ದಾಟದಿರುವುದು, ಎರಡನ್ನೂ ಒಟ್ಟಿಗೆ ಹಿಡಿಯುವ ಜನ ನಮ್ಮವರು. ಉದಾರವಾದದ ಘಟಕ ವ್ಯಕ್ತಿ, ನಮ್ಮ ಸಹಿಷ್ಣುತೆಯ ಘಟಕ ಸಮುದಾಯ ಎಂದರೆ ವಿಷಯ ಹತ್ತಿರಕ್ಕೆ ಬರುತ್ತದೆ. ಸಮುದಾಯಗಳ ನಡುವಿನ ಗೌರವಕ್ಕೆ 'ಹೌದು' ಎಂದವರೇ, ಸಮುದಾಯದೊಳಗಿನ ಹುಡುಗಿಯೊಬ್ಬಳ ಆಯ್ಕೆಗೆ 'ಬೇಡ' ಎನ್ನಬಹುದು.

ಸಮೀಕ್ಷೆಗಳು ತಪ್ಪುವ ಬಗೆಯೂ ಗೊತ್ತಿರಲಿ. ಜಗಲಿಯಲ್ಲಿ ಮಾವ ಕೂತಿರುವಾಗ ಸೊಸೆಯ ಉತ್ತರವೇ ಬೇರೆ, ಹಿತ್ತಿಲಲ್ಲಿ ಒಬ್ಬಳೇ ಸಿಕ್ಕಾಗಿನ ಉತ್ತರವೇ ಬೇರೆ. 'ಹೆಣ್ಣುಮಕ್ಕಳಿಗೆ ಪಾಲು ಬೇಕೇ' ಎಂದು ಕೇಳುವುದಕ್ಕೂ 'ನಿಮ್ಮ ಗಂಡನ ಅಕ್ಕತಂಗಿಯರಿಗೆ ನಿಮ್ಮ ತೋಟದಲ್ಲಿ ಪಾಲು ಕೊಡುವಿರಾ' ಎಂದು ಕೇಳುವುದಕ್ಕೂ ಅಜಗಜಾಂತರ. ಕಾಲಕ್ಕೆ ತಕ್ಕಂತೆ ಮನೋಭಾವ ಬದಲಾಯಿತು ಎನ್ನಬೇಕಾದರೆ ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಮತ್ತೆ ಕೇಳಿರಬೇಕು.

ಬದಲಾಗುವುದು ಯಾಕೆ

ನಿಂತ ಜಾಗ ಬದಲಾಗುವುದು ಒಂದು ಕಾರಣ, ಮೇಲೆ ನೋಡಿದ್ದೇವೆ. ರೂಢಿ ಇನ್ನೊಂದು. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಹೆಂಗಸರಿಗೆ ಶೇ 25 ಸ್ಥಾನ ಮೀಸಲು ಎಂದಾಗ ಬೆರಗಾದ ಊರುಗಳು, ಈಗ ಶೇ 50ಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ. ಕುರ್ಚಿಯ ಹಿಂದೆ ಗಂಡನೇ ಅಧಿಕಾರ ನಡೆಸುವ ಕಡೆ ಹಕ್ಕು ಹಾಳೆಯಲ್ಲೇ ಉಳಿದಿದೆ, ನಿಜ. ಆದರೂ ಹೆಂಗಸು ಅಧ್ಯಕ್ಷೆಯಾಗುವುದು ಈಗ ಸುದ್ದಿಯಲ್ಲ.

ಮೂರನೆಯದು ಜಮೀನಿನ ಗಾತ್ರ. ನಾಲ್ಕೂವರೆ ಎಕರೆ ಒಂದು ತಲೆಮಾರಿಗೆ ಒಂದೂವರೆಯಾಗಿ, ಇಬ್ಬರು ಮಕ್ಕಳಿದ್ದರೆ ಮುಂದಿನದಕ್ಕೆ 30 ಗುಂಟೆಯಾಗುತ್ತದೆ. 'ಪಾಲು ಕೊಟ್ಟರೆ ತೋಟ ಹಾಳು' ಎಂಬ ಮಾತಿನಲ್ಲಿ ಈ ಭಯ ಇದೆ. ಭಯ ಸುಳ್ಳಲ್ಲ, ಆದರೆ ಇಬ್ಬರು ಗಂಡುಮಕ್ಕಳಿದ್ದರೂ ತೋಟ ತುಂಡಾಗುತ್ತದಲ್ಲ! ಆಗ ಅದು ಯಾರಿಗೂ ಸಮಾನತೆಯ ವಿರುದ್ಧದ ವಾದವಾಗಿ ತೋರುವುದಿಲ್ಲ.

ನಾಲ್ಕನೆಯದು, ಕಾನೂನೇ ದಿಕ್ಕು ಬದಲಿಸುವುದು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ಕೈಬಿಟ್ಟರು. ಕೊಳ್ಳುವ ಮಾರುವ ಸ್ವಾತಂತ್ರ್ಯ ಹೆಚ್ಚಿತು ಎಂದು ಒಬ್ಬರು, ದುಡ್ಡಿದ್ದವರ ಕೈಗೆ ನೆಲ ಮತ್ತೆ ಸೇರುತ್ತದೆ ಎಂದು ಇನ್ನೊಬ್ಬರು. 1951ರ ಎಳೆದಾಟದ ಎರಡು ತುದಿಗಳೇ ಇವು.

ಚೀಟಿ ಎತ್ತುವ ಪದ್ಧತಿ

ಇಪ್ಪತ್ತನೇ ಶತಮಾನದ ಅಮೆರಿಕದ ಚಿಂತಕ ಜಾನ್ ರಾಲ್ಸ್ ನ್ಯಾಯಕ್ಕೆ ಒಂದು ಪರೀಕ್ಷೆ ಸೂಚಿಸಿದರು: ಸಮಾಜದಲ್ಲಿ ತನ್ನ ಜಾಗ ಯಾವುದು ಎಂದು ಗೊತ್ತಿಲ್ಲದೆ ನಿಯಮ ಮಾಡಿ. ಹಿಸ್ಸೆಗೆ ಚೀಟಿ ಎತ್ತುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಡಿಕೆ ತೋಟವನ್ನು ಬರೀ ಗುಂಟೆ ಲೆಕ್ಕದಲ್ಲಿ ಮೂರು ಮಾಡಿದರೆ ಮೂರೂ ಸಮ ಆಗುವುದಿಲ್ಲ. ಮೇಲಿನ ತುದಿಗೆ ಅಬ್ಬಿ ನೀರು ಮೊದಲು ಬರುತ್ತದೆ. ಕೆಳಗಿನ ತುದಿಯಲ್ಲಿ ಬಸಿಗಾಲುವೆ ಕಟ್ಟಿ ನೀರು ನಿಂತರೆ ಬೇರು ಕೊಳೆಯುತ್ತದೆ. ಒಂದು ಭಾಗದಲ್ಲಿ ಫಸಲಿನ ಮರ, ಇನ್ನೊಂದರಲ್ಲಿ ಮೊನ್ನೆ ನೆಟ್ಟ ಸಸಿ. ಸೊಪ್ಪಿನಬೆಟ್ಟ, ದಾರಿ, ಅಡಿಕೆ ಒಣಗಿಸುವ ಅಂಗಳ ಯಾರ ಕಡೆಗೆ ಎಂಬುದು ಬೇರೆ. ಬಲ್ಲ ಹಿರಿಯರು ಮರ ಎಣಿಸಿ, ನೀರಿನ ಸರದಿ ಬರೆಸಿ, ಕಡಿಮೆ ಬಿದ್ದ ಕಡೆಗೆ ಒಂದಷ್ಟು ಗುಂಟೆ ಸೇರಿಸಿ ಪಾಲು ಮಾಡುತ್ತಾರೆ. ಆಮೇಲೆ ಮೂರು ಚೀಟಿ ಮಡಚಿ ಹಾಕಿ ಮನೆಯ ಮಗುವಿನ ಕೈಯಲ್ಲಿ ಎತ್ತಿಸುತ್ತಾರೆ. ತನಗೆ ಯಾವುದು ಬರುತ್ತದೋ ಗೊತ್ತಿಲ್ಲದ ಕಾರಣಕ್ಕೆ ದೊಡ್ಡಣ್ಣನೂ ಕೆಳಗಿನ ತುದಿಯ ಬಸಿಗಾಲುವೆಯ ಹೂಳು ಯಾರು ತೆಗೆಸಬೇಕು ಎಂದು ಚೀಟಿ ಎತ್ತುವ ಮುಂಚೆಯೇ ಕೇಳುತ್ತಾನೆ. ತಂಗಿಯ ಹೆಸರಿನ ಚೀಟಿಯೂ ಆ ತಟ್ಟೆಯಲ್ಲಿದ್ದರೆ, ಮೇಲಿನ ತುದಿಯ ನೀರಿನ ಸರದಿ ಎಲ್ಲರಿಗೂ ಸಮನಾಗಿ ಬರೆದಿದೆಯೇ ಎಂದು ಓದಿ ನೋಡುವವರು ಮೂವರಾಗುತ್ತಾರೆ.